ಸಾಷ್ಟಿಯ ಹಳೆಯ ಬಂಗಲೆ ಮತ್ತು ಅದರ ತೋಟ: ಸಂಚಕಾರ ಕೊಡುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ: ಪರ್ವರಿವಾಸಿ (ಏಪ್ರಿಲ್)

ಗೋವೆಯ ಕನ್ನಡಿಗ ಬಂಧುಗಳಿಗೆ ನಮಸ್ಕಾರ.

ನಾನು ಧಾರವಾಡದ ಕಡೆಯವನು. ನೌಕರಿಯ ನಿಮಿತ್ತ ಗೋವೆಗೆ ಬಂದು ಇಪ್ಪತ್ತೆರಡು ವರ್ಷಗಳಾದವು; ಮೊದಲು ವಾಸ್ಕೋದಲ್ಲಿದ್ದು ಈಗ ಪರ್ವರಿಯ ಫ್ಲ್ಯಾಟೊಂದರಲ್ಲಿದ್ದೇವೆ. ಬರುವ ವರ್ಷ ನನಗೆ ನಿವೃತ್ತಿ. ಊರಿನ ಮನೆ ಮಾರಿದ ಅಣ್ಣನವರ ಹಣವನ್ನೂ ನನ್ನ ಉಳಿತಾಯವನ್ನೂ ಕೂಡಿಸಿ, ಎರಡು ಸಂಸಾರಗಳು ಒಟ್ಟಿಗೆ ಇರಬಹುದಾದ ಮನೆಯನ್ನು ಹುಡುಕುತ್ತಿದ್ದಾಗ, ಸಾಷ್ಟಿ ತಾಲ್ಲೂಕಿನ ಒಳಭಾಗದಲ್ಲಿ, ಕದಂಬರ ಚಂದ್ರಪುರವಾಗಿದ್ದ ಇಂದಿನ ಚಾಂದೋರದಿಂದ ಹೆಚ್ಚು ದೂರವಿಲ್ಲದ ಹಳ್ಳಿಯೊಂದರಲ್ಲಿ ಪೋರ್ಚುಗೀಸರ ಕಾಲದ ಬಂಗಲೆಯೊಂದು ಮಾರಾಟಕ್ಕಿರುವುದು ತಿಳಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ್ದೆಂದು ದಲ್ಲಾಳಿ ಹೇಳುತ್ತಾರೆ. ನಾಲ್ಕು ವರ್ಷಗಳ ಹಿಂದೆ ಅದನ್ನು ಪೂರ್ತಿಯಾಗಿ ಜೀರ್ಣೋದ್ಧಾರ ಮಾಡಿಸಿದ್ದಾರಂತೆ.

ಮನೆ ನೋಡಿದವರಿಗೆ ಮನಸ್ಸು ಸೋಲದಿರುವುದು ಕಷ್ಟ. ಮುಂದೆ ಎದುರುಬದುರಾಗಿ ಕಲ್ಲಿನ ಆಸನಗಳಿರುವ ಬಲ್ಕಾಂವ್ ಎಂಬ ಜಗುಲಿ, ಒಳಗೆ ನಮ್ಮ ತೊಟ್ಟಿಮನೆಯನ್ನು ನೆನಪಿಸುವ ಅಂಗಳ, ಅದರ ಸುತ್ತ ಹನ್ನೊಂದು ಕೋಣೆಗಳು, ಸಾಲೆ ಎಂಬ ಉದ್ದನೆಯ ಹಜಾರ, ಕಿಟಕಿಗಳಲ್ಲಿ ಗಾಜಿನ ಬದಲಿಗೆ ಮುತ್ತಿನ ಬಣ್ಣದ ಚಿಪ್ಪುಗಳು. ಒಟ್ಟು ಜಾಗ 3,200 ಚದರ ಮೀಟರ್. ಹಿಂಭಾಗದ ಇಳಿಜಾರನ್ನು ಮೂರು ಹಂತಗಳಾಗಿ ಮಾಡಿ, ಹುಲ್ಲುಹಾಸು, ಕಲ್ಲುಹಾಸಿನ ದಾರಿ, ದೇವಕಣಗಿಲೆಯ ಸಾಲು, ಗೋಡೆಯ ಉದ್ದಕ್ಕೂ ಹೂವಿನ ಮಡಿ, ಕೊನೆಗೆ ಹಳ್ಳದ ದಡದಲ್ಲಿ ಚಿಕ್ಕ ಮಂಟಪ ಇವನ್ನೆಲ್ಲ ತೋಟದ ವಿನ್ಯಾಸಗಾರರಿಂದ ಮಾಡಿಸಿದ್ದಾರೆ. ಹಳ್ಳದ ಆಚೆಗಿನ ಭತ್ತದ ಗದ್ದೆಯ ಒಂದು ತುಂಡೂ ಇದೇ ವ್ಯವಹಾರದಲ್ಲಿ ಸೇರಿದೆ.

ಮಾರುವವರು ಐವರು ಒಡಹುಟ್ಟಿದವರು. ಇಬ್ಬರು ಲಿಸ್ಬನ್‌ನಲ್ಲಿ, ಒಬ್ಬರು ಕೆನಡಾದಲ್ಲಿ, ಇಬ್ಬರು ಇಲ್ಲೇ ಇದ್ದಾರೆ. ಕಾಗದಪತ್ರಗಳೆಲ್ಲ ಸರಿಯಾಗಿವೆ, ಹದಿನೈದು ದಿನಗಳೊಳಗೆ ಸಂಚಕಾರ (ಮುಂಗಡ ಹಣ) ಕೊಡದಿದ್ದರೆ ದಿಲ್ಲಿಯ ಗಿರಾಕಿಯೊಬ್ಬರು ಕಾದಿದ್ದಾರೆ ಎಂದು ದಲ್ಲಾಳಿ ದಿನಕ್ಕೆರಡು ಬಾರಿ ಫೋನ್ ಮಾಡುತ್ತಿದ್ದಾರೆ.

ಎರಡು ಸಂಗತಿಗಳು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿವೆ. ಒಂದು, ಪ್ರಾರ್ಥನೆಯ ಕೋಣೆಯ ಮೂಲೆಯಲ್ಲಿ ಮೊಣಕಾಲೆತ್ತರದಲ್ಲಿ ಹೊಸ ಬಣ್ಣ ಹಪ್ಪಳದಂತೆ ಉಬ್ಬಿತ್ತು. ನಮ್ಮ ಅತ್ತಿಗೆಯವರು ಬೆರಳಿನಿಂದ ಒತ್ತಿದಾಗ ಅದು ಮುರಿದು, ಒಳಗಿನಿಂದ ಉಪ್ಪಿನಂಥ ಬಿಳಿ ಪುಡಿ ಉದುರಿತು. ಹಳೆಯ ಮನೆಗಳಲ್ಲಿ ಇದು ಸಹಜ ಎಂಬ ಉತ್ತರ ಬಂತು. ಎರಡನೆಯದು, ಬಾವಿಯ ಹಿಂದೆ ಒಂದು ಸಣ್ಣ ಹಂಚಿನ ಮನೆಯಿದೆ, ಅಲ್ಲಿ ವಯಸ್ಸಾದ ತಾಯಿಯೊಬ್ಬರಿದ್ದಾರೆ. ಕೇಳಿದರೆ, ಮನೆ ಕಾಯುವವರು, ಮಾರಾಟವಾದ ಮೇಲೆ ಹೋಗುತ್ತಾರೆ ಎಂದರು.

ಇಂಥ ಮನೆಯನ್ನು ಕೊಂಡವರು, ರಿಪೇರಿ ಮಾಡಿಸಿದವರು, ಕಾನೂನು ಬಲ್ಲವರು ಯಾರಾದರೂ ದಯವಿಟ್ಟು ತಿಳಿಸಿರಿ. ನಾವು ಏನನ್ನು ನೋಡಬೇಕು, ಯಾವುದನ್ನು ಮೊದಲು ನೋಡಬೇಕು?

ಉತ್ತರ 1: ಮಡಗಾಂವದ ವಕೀಲ

ಮಾನ್ಯರೇ, ಮೊದಲು ದಲ್ಲಾಳಿಯ ಫೋನ್ ಎತ್ತುವುದನ್ನು ಬಿಡಿ. ಐವರು ವಾರಸುದಾರರಿರುವ ಮನೆಗೆ ಹದಿನೈದು ದಿನಗಳಲ್ಲಿ ಸಂಚಕಾರ ಕೊಡುವುದೆಂದರೆ, ಜಾತಕ ನೋಡದೆ ಲಗ್ನಪತ್ರಿಕೆ ಅಚ್ಚು ಹಾಕಿಸಿದಂತೆ. ನಾನು ಕಾರವಾರದವನು, ಮಡಗಾಂವದಲ್ಲಿ ಹದಿನೆಂಟು ವರ್ಷಗಳಿಂದ ವಕೀಲಿ ಮಾಡುತ್ತಿದ್ದೇನೆ. ಕರ್ನಾಟಕದ ರೂಢಿಯಲ್ಲಿ ಬೆಳೆದ ನಮ್ಮವರು ಇಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಡೆ, ಸಹಿ ಹಾಕಬೇಕಾದವರು ಯಾರೆಂಬುದರಲ್ಲಿ.

ಗೋವೆಯಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ 1870ರಿಂದ ಜಾರಿಯಲ್ಲಿದ್ದು, 1961ರಲ್ಲಿ ಗೋವೆ ಭಾರತಕ್ಕೆ ಸೇರಿದ ನಂತರವೂ ಮುಂದುವರಿಯಿತು. ಉತ್ತರಾಧಿಕಾರಕ್ಕೆ ಸಂಬಂಧಿಸಿದ ಭಾಗದ ಜಾಗದಲ್ಲಿ ಈಗ 2012ರ ಗೋವಾ ಉತ್ತರಾಧಿಕಾರ, ವಿಶೇಷ ನೋಟರಿಗಳು ಹಾಗೂ ಇನ್ವೆಂಟರಿ ನಡಾವಳಿ ಕಾಯ್ದೆ ಇದೆ; ಅದು 2016ರ ಡಿಸೆಂಬರಿನಿಂದ ಜಾರಿಗೆ ಬಂತು. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ, ಇಲ್ಲಿ ಗಂಡಹೆಂಡಿರ ಆಸ್ತಿ ಒಂದೇ ರಾಶಿಯಾಗುತ್ತದೆ, ಅದರಲ್ಲಿ ಇಬ್ಬರಿಗೂ ಅರ್ಧರ್ಧ. ತವರಿನಿಂದಲೋ ತಂದೆಯಿಂದಲೋ ಬಂದ ಪಾಲು ಕೂಡ ಆ ರಾಶಿಗೇ ಸೇರುತ್ತದೆ. ಆದ್ದರಿಂದ ನಿಮಗೆ ಐವರ ಸಹಿ ಸಾಲದು. ಐವರೂ ಮದುವೆಯಾದವರಾಗಿದ್ದರೆ ಹತ್ತು ಜನರ ಸಹಿ ಬೇಕಾಗಬಹುದು. ಲಿಸ್ಬನ್ನಿನಲ್ಲಿರುವವರ ಮದುವೆ ಎಲ್ಲಿ, ಯಾವ ಪದ್ಧತಿಯ ಪ್ರಕಾರ ನೋಂದಣಿಯಾಗಿದೆ ಎಂಬುದನ್ನೂ ನೋಡಬೇಕು. ತೀರಿಕೊಂಡ ಆರನೆಯ ಒಡಹುಟ್ಟಿದವರು ಯಾರಾದರೂ ಇದ್ದರೇ, ಅವರಿಗೆ ಮಕ್ಕಳಿದ್ದಾರೆಯೇ ಎಂದು ಕೇಳಿ. ಈ ಪ್ರಶ್ನೆಗೆ ಉತ್ತರ ಕೊಡುವಾಗ ಮಾರುವವರ ಮುಖ ನೋಡುವುದು ನನ್ನ ಅಭ್ಯಾಸ.

ತಂದೆತಾಯಿಯರ ನಂತರ ವಾರಸುದಾರರು ಯಾರೆಂದು ವಿಶೇಷ ನೋಟರಿಯ ಮುಂದೆ ಮಾಡಿಸಿದ ಉತ್ತರಾಧಿಕಾರ ಪತ್ರವನ್ನು ಕೇಳಿ ಪಡೆಯಿರಿ. ಆ ಪತ್ರ ವಾರಸುದಾರರನ್ನು ಹೆಸರಿಸುತ್ತದೆಯೇ ಹೊರತು ಆಸ್ತಿಯನ್ನು ಪಾಲು ಮಾಡುವುದಿಲ್ಲ. ಎಲ್ಲರೂ ಒಟ್ಟಿಗೆ ನಿಂತು ಪೂರ್ತಿ ಆಸ್ತಿಯನ್ನು ಮಾರುವುದಾದರೆ ಅಷ್ಟು ಸಾಕಾಗುತ್ತದೆ. ಒಬ್ಬರು ಇದು ನನ್ನ ಪಾಲು ಎಂದು ಬೇರೆಯಾಗಿ ಮಾರುವುದಾದರೆ ಮಾತ್ರ ನ್ಯಾಯಾಲಯದ ಇನ್ವೆಂಟರಿ ನಡಾವಳಿಯಲ್ಲಿ ಪಾಲಾಗಿರಬೇಕು. ಚಾಂದೋರದ ಮೆನೆಜೆಸ್ ಬ್ರಗಾಂಜಾ ಮನೆಯನ್ನು ತಾವು ನೋಡಿರಬಹುದು. ಒಂದೇ ಮುಖಮಂಟಪದ ಹಿಂದೆ ಪೂರ್ವದ ಭಾಗ ಒಂದು ಶಾಖೆಯದು, ಪಶ್ಚಿಮದ್ದು ಇನ್ನೊಂದು ಶಾಖೆಯದು. ಹೊರಗಿನಿಂದ ನೋಡಿದವರಿಗೆ ಇದು ತಿಳಿಯುವುದಿಲ್ಲ.

ವಿದೇಶದಲ್ಲಿರುವವರು ಮುಖತ್ಯಾರಪತ್ರ ಕಳಿಸುತ್ತಾರೆ. ಅದರಲ್ಲಿ ಮಾರುವ ಅಧಿಕಾರ ಸ್ಪಷ್ಟವಾಗಿರಬೇಕು, ಅಲ್ಲಿ ಅಪೋಸ್ಟಿಲ್ (ಬೇರೆ ದೇಶದಲ್ಲಿ ಬಳಸುವ ಪತ್ರಕ್ಕೆ ಅಲ್ಲಿಯ ಸರ್ಕಾರದ ದೃಢೀಕರಣ) ಆಗಿರಬೇಕು, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ತುಂಬಿರಬೇಕು. ಜತೆಗೆ, ಅನಿವಾಸಿಗಳಿಂದ ಕೊಳ್ಳುವಾಗ ಮೂಲದಲ್ಲಿ ಕಡಿತ ಮಾಡಬೇಕಾದ ತೆರಿಗೆ, ಇಲ್ಲಿನವರಿಂದ ಕೊಳ್ಳುವಾಗಿನ ಶೇಕಡಾ 1ರಂತಲ್ಲ, ಅದಕ್ಕಿಂತ ಬಹಳ ಹೆಚ್ಚು. ಕಡಿತ ಮಾಡದಿದ್ದರೆ ಹೊಣೆ ಕೊಂಡವರದ್ದೇ. ಲೆಕ್ಕಪರಿಶೋಧಕರನ್ನು ಈಗಲೇ ಕಾಣಿರಿ.

ಇನ್ನು ಭೂದಾಖಲೆ. ನಮ್ಮ ಕಡೆಯ ಪಹಣಿಯ ಸ್ಥಾನದಲ್ಲಿ ಇಲ್ಲಿ ಫಾರ್ಮ್ 1 ಮತ್ತು 14 ಇದೆ. ಅದರಲ್ಲಿ ಎಲ್ಲರೂ ಒಡೆಯರ ಹೆಸರಿನ ಅಂಕಣವನ್ನು ಓದಿ ಮಡಚಿಡುತ್ತಾರೆ. ನೀವು ಗೇಣಿದಾರರ ಅಂಕಣವನ್ನೂ ಇತರ ಹಕ್ಕುಗಳ ಅಂಕಣವನ್ನೂ ಓದಿ. ಪೋರ್ಚುಗೀಸ್ ಕಾಲದ ಭೂನೋಂದಣಿಯ ದೆಸ್ಕ್ರಿಸಾಂವ್, ಅಂದರೆ ಆಸ್ತಿಯ ವಿವರಣೆಯ ದಾಖಲೆ, ಇದ್ದರೆ ಅದರ ಚೆಕ್ಕುಬಂದಿ, ವಿಸ್ತೀರ್ಣಗಳು ಈಗಿನ ಮೋಜಣಿ ನಕ್ಷೆಗೆ ತಾಳೆಯಾಗುತ್ತವೆಯೇ ಎಂದು ಆ ಭಾಷೆ ಬಲ್ಲವರಿಂದ ಓದಿಸಿ. ಇದು ಅತಿ ಎಚ್ಚರ ಎನಿಸಬಹುದು. ಹಳೆಯ ದಾಖಲೆಗಳನ್ನೇ ಸುಳ್ಳಾಗಿ ಸೃಷ್ಟಿಸಿ, ಒಡೆಯರು ಊರಲ್ಲಿಲ್ಲದ ಆಸ್ತಿಗಳನ್ನು ಮಾರಿದ ಪ್ರಕರಣಗಳ ತನಿಖೆಗೆಂದು ಗೋವಾ ಸರ್ಕಾರ 2022ರಲ್ಲಿ ವಿಶೇಷ ತನಿಖಾ ತಂಡವನ್ನೇ ರಚಿಸಬೇಕಾಯಿತು.

ಗದ್ದೆಯ ತುಂಡಿನ ಆಸೆಯನ್ನು ಬಿಟ್ಟುಬಿಡಿ. 2023ರ ಕೃಷಿಭೂಮಿ ವರ್ಗಾವಣೆ ನಿರ್ಬಂಧ ಕಾಯ್ದೆಯ ಪ್ರಕಾರ ಕೃಷಿಕರಲ್ಲದವರಿಗೆ ಭತ್ತದ ಗದ್ದೆಯನ್ನು ಮಾರುವಂತಿಲ್ಲ. ಹಳ್ಳಕ್ಕೆ ಉಬ್ಬರದ ನೀರು ಏರುತ್ತದೆಯೇ ಎಂದು ಊರವರನ್ನು ಕೇಳಿ. ಏರುವುದಾದರೆ ಅದರ ದಡ ಕರಾವಳಿ ನಿಯಂತ್ರಣ ವಲಯಕ್ಕೆ ಸೇರುತ್ತದೆ, ಹೊಸದಾಗಿ ಕಟ್ಟಿದ ಆ ಮಂಟಪಕ್ಕೆ ಪರವಾನಗಿ ತೋರಿಸಿ ಎಂದು ಕೇಳುವವರು ನಾಳೆ ನಿಮ್ಮ ಬಾಗಿಲಿಗೇ ಬರುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ತಾವು ಕೊನೆಯಲ್ಲಿ ಬರೆದಿದ್ದೀರಿ. ಬಾವಿಯ ಹಿಂದಿನ ಆ ತಾಯಿ ಯಾರು? ಭಾಟಕಾರರ (ಜಮೀನಿನ ಒಡೆಯರ) ಜಮೀನಿನಲ್ಲಿ ಅವರ ಒಪ್ಪಿಗೆಯಿಂದ ಮನೆ ಮಾಡಿಕೊಂಡು ನೆಲೆಸಿದವರನ್ನು ಇಲ್ಲಿ ಮುಂಡ್ಕಾರರೆನ್ನುತ್ತಾರೆ. 1975ರ ಕಾಯ್ದೆ ಅವರನ್ನು ಎಬ್ಬಿಸದಂತೆ ರಕ್ಷಿಸುತ್ತದೆ. ತಮ್ಮ ಮನೆಯನ್ನೂ, ಪಂಚಾಯತಿ ಪ್ರದೇಶದಲ್ಲಾದರೆ ಅದರ ಸುತ್ತಲಿನ 300 ಚದರ ಮೀಟರಿನವರೆಗಿನ ಜಾಗವನ್ನೂ ಕೊಂಡುಕೊಳ್ಳುವ ಹಕ್ಕು ಅವರಿಗಿದೆ, ಆ ಹಕ್ಕು ಮಕ್ಕಳಿಗೂ ಹರಿದುಬರುತ್ತದೆ. ಸಂಬಳದ ಆಳು, ಒಡೆಯರ ಮನೆಯ ಹೊರಕೋಣೆಯಲ್ಲಿದ್ದು ಮನೆ ಕಾಯುವವರು ಮುಂಡ್ಕಾರರಲ್ಲವೆಂದು ಅದೇ ಕಾಯ್ದೆ ಹೇಳುವುದರಿಂದಲೇ ದಲ್ಲಾಳಿಗಳ ಬಾಯಲ್ಲಿ ಎಲ್ಲ ಮುಂಡ್ಕಾರರೂ ಮನೆ ಕಾಯುವವರಾಗಿಬಿಡುತ್ತಾರೆ. ಆ ಮನೆಗೆ ಪಂಚಾಯತಿಯ ಪ್ರತ್ಯೇಕ ನಂಬರಿದೆಯೇ, ವಿದ್ಯುತ್ ಬಿಲ್ಲು ಯಾರ ಹೆಸರಿನಲ್ಲಿದೆ, ಮಾಮಲೇದಾರರ (ನಮ್ಮ ಕಡೆಯ ತಹಶೀಲ್ದಾರರ) ಮುಂಡ್ಕಾರ ನೋಂದಣಿಯಲ್ಲಿ ಹೆಸರಿದೆಯೇ, ಈ ಮೂರನ್ನು ವಿಚಾರಿಸಿ. ಎಲ್ಲಕ್ಕಿಂತ ಮೊದಲು, ದಲ್ಲಾಳಿ ಜತೆಯಲ್ಲಿಲ್ಲದಾಗ ಆ ತಾಯಿಯನ್ನೇ ಮಾತನಾಡಿಸಿ.

ಉತ್ತರ 2: ಸುಣ್ಣದ ಕೆಲಸದವ, ಫೋಂಡಾ

ವಕೀಲರು ಕಾಗದದ ವಿಷಯವನ್ನು ಹೇಳಿದ್ದಾರೆ, ನಾನು ಗೋಡೆಯ ವಿಷಯವನ್ನಷ್ಟೇ ಹೇಳುತ್ತೇನೆ. ನಾನು ಕುಮಟೆಯವನು, ಹಳೆಯ ಮನೆಗಳ ರಿಪೇರಿಯೇ ನನ್ನ ಕಸುಬು.

ನಿಮ್ಮ ಅತ್ತಿಗೆಯವರ ಬೆರಳು ಸರಿಯಾದ ಜಾಗವನ್ನೇ ಮುಟ್ಟಿದೆ. ಗೋವೆಯ ಇಂಥ ಹಳೆಯ ಮನೆಗಳು ಹೆಚ್ಚಾಗಿ ಚಿರೇಕಲ್ಲಿನವು, ಅಂದರೆ ಘಟ್ಟದ ಮೇಲಿನವರು ಜಂಬಿಟ್ಟಿಗೆ ಎನ್ನುವ ಕೆಂಪು ತೂತುಕಲ್ಲಿನವು. ಈ ಕಲ್ಲು ಸ್ಪಂಜಿನ ಹಾಗೆ ನೆಲದ ನೀರನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಹಿಂದಿನವರು ಇದನ್ನು ಬಲ್ಲವರಾಗಿದ್ದರಿಂದ ಅದರ ಮೇಲೆ ಸುಣ್ಣದ ಗಾರೆಯನ್ನು ಬಳಿದರು. ಗೋಡೆ ಎಷ್ಟು ನೀರು ಕುಡಿಯಿತೋ ಅಷ್ಟನ್ನೂ ಸುಣ್ಣದ ಮೂಲಕ ಗಾಳಿಗೆ ಬಿಡುತ್ತಿತ್ತು. ಈಗ ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಆ ಗಾರೆಯನ್ನು ಕೆತ್ತಿ ಸಿಮೆಂಟ್ ಗಿಲಾವು ಮಾಡುತ್ತಾರೆ, ಅದರ ಮೇಲೆ ಪ್ಲಾಸ್ಟಿಕ್ಕಿನಂಥ ಬಣ್ಣ ಬಳಿಯುತ್ತಾರೆ. ನೀರು ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆಯೊಳಗೇ ಮೇಲೆ ಹತ್ತುತ್ತದೆ, ಎಲ್ಲಿ ಬಿರುಕು ಸಿಕ್ಕಿತೋ ಅಲ್ಲಿ ಆರುತ್ತದೆ. ನೀರು ಆರಿದರೂ ಅದರಲ್ಲಿ ಕರಗಿದ್ದ ಲವಣ ಎಲ್ಲಿಗೆ ಹೋಗಬೇಕು? ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ನೂಕುತ್ತದೆ. ನೀವು ಕಂಡ ಬಿಳಿ ಪುಡಿ ಅದೇ. ಸಹಜ ಎಂದವರು ಸುಳ್ಳು ಹೇಳಿಲ್ಲ. ಸಿಮೆಂಟ್ ಬಳಿದ ಚಿರೇಕಲ್ಲಿಗೆ ಅದು ಸಹಜವೇ.

ಒಂದು ಮಾತು ಕೇಳಬೇಕಿತ್ತು. ಗೋಡೆಯ ಉದ್ದಕ್ಕೂ ಹೂವಿನ ಮಡಿ ಇದೆ ಎಂದಿದ್ದೀರಿ. ಪ್ರಾರ್ಥನೆಯ ಕೋಣೆಯ ಆ ಮೂಲೆಯ ಹೊರಗೂ ಇದೆಯೇ? ಇದ್ದರೆ, ಮಡಿಯ ಮಣ್ಣು ಒಳಗಿನ ನೆಲಗಟ್ಟಿಗಿಂತ ಮೇಲಿದೆಯೇ ಎಂದು ಅಳತೆ ಪಟ್ಟಿ ಹಿಡಿದು ನೋಡಿ. ತೋಟ ಮಾಡುವವರಿಗೆ ಗೋಡೆಯ ಬುಡ ಬೋಳಾಗಿ ಕಾಣಬಾರದು, ಅದಕ್ಕಾಗಿ ಒಂದಡಿ ಮಣ್ಣು ಏರಿಸಿ ಗಿಡ ನೆಟ್ಟು ಬೆಳಗ್ಗೆ ಸಂಜೆ ಚಿಮ್ಮುನೀರು ಬಿಡುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ನೆನೆದು ಎಂಟು ತಿಂಗಳು ಆರಬೇಕಾದ ಗೋಡೆ ಹೀಗೆ ವರ್ಷವಿಡೀ ನೆನೆಯುತ್ತದೆ. ಎಷ್ಟೋ ಕಡೆ ಮಡಿಯನ್ನು ತೆಗೆಸಿ, ಸೂರಿನ ನೀರು ಬೀಳುವಲ್ಲಿ ಕಲ್ಲಿನ ಚರಂಡಿ ಮಾಡಿಸಿ, ಕೆಳಗಿನ ಒಂದೂವರೆ ಮೀಟರಿನಷ್ಟು ಸಿಮೆಂಟನ್ನು ಕೆತ್ತಿಸಿ, ಒಂದು ಬೇಸಿಗೆ ಗೋಡೆಯನ್ನು ಹಾಗೇ ಬಿಟ್ಟು ಆಮೇಲೆ ಸುಣ್ಣ ಬಳಿಸಿದ್ದೇನೆ. ಸುಣ್ಣ ಗಾಳಿಯಿಂದ ಇಂಗಾಲದ ಡೈ ಆಕ್ಸೈಡನ್ನು ಹೀರಿ ನಿಧಾನಕ್ಕೆ ಗಟ್ಟಿಯಾಗುವ ವಸ್ತು. ದೀಪಾವಳಿ ಕಳೆದ ಮೇಲೆ ಶುರು ಮಾಡಿ ಮಳೆಗೆ ಮುಂಚೆ ಮುಗಿಸಬೇಕು, ಅವಸರ ನಡೆಯುವುದಿಲ್ಲ.

ಮಾಡು, ಅಂದರೆ ಛಾವಣಿ, ಗೋಡೆಗಿಂತ ದೊಡ್ಡ ಖರ್ಚು. ಸಾಲೆಯ ಮೇಲೆ ಹಲಗೆಯ ಒಳಮಾಡು ಇರುತ್ತದೆ, ಅದರ ಬಣ್ಣ ನೋಡಿ ಎಲ್ಲರೂ ಮೆಚ್ಚುತ್ತಾರೆ; ಒಂದು ಹಲಗೆ ಬಿಚ್ಚಿಸಿ ಟಾರ್ಚ್ ಹಿಡಿದು ಮೇಲೆ ನೋಡಿ. ಪಕಾಸುಗಳು ಮತ್ತಿಯವೋ ಸಾಗವಾನಿಯವೋ ತಾಳೆಯವೋ ಎಂಬುದಕ್ಕಿಂತ, ಅವುಗಳ ತುದಿ ಗೋಡೆಯ ಮೇಲೆ ಕೂರುವ ಜಾಗ ಹೇಗಿದೆ ಎಂಬುದು ಮುಖ್ಯ. ಹಂಚು ಸೋರಿದ ನೀರು ಇಳಿದು ಅಲ್ಲಿಗೇ ಬರುತ್ತದೆ. ಒಮ್ಮೆ ತಿಸವಾಡಿಯ ಮನೆಯೊಂದರಲ್ಲಿ ಹೊಸ ವಾರ್ನಿಶ್ ಹೊಳೆಯುತ್ತಿದ್ದ ತೊಲೆಗೆ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಬೆಣ್ಣೆಗೆ ಹೋದಂತೆ ಹೋಯಿತು, ಹೊರಗೆಳೆದಾಗ ಗೆದ್ದಲಿನ ಮಣ್ಣು ನನ್ನ ತೋಳಿನ ಮೇಲೆ ಸುರಿಯಿತು. ವಾರ್ನಿಶ್ ಮಾತ್ರ ತೊಲೆಯ ಆಕಾರವನ್ನು ಹಿಡಿದುಕೊಂಡಿತ್ತು. ಒಡೆಯರು ಪಕ್ಕದಲ್ಲೇ ನಿಂತಿದ್ದರು, ಯಾರೂ ಮಾತನಾಡಲಿಲ್ಲ.

ಹಂಚೊಂದನ್ನು ತಿರುಗಿಸಿ ಅಚ್ಚು ಓದಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಅಲ್ಲಿಯ ಹಂಚುಗಳು ಈ ಕರಾವಳಿಯ ಉದ್ದಕ್ಕೂ ಬಂದವು. ಹಳೆಯ ಅಚ್ಚು ಕಂಡು ಸಂತೋಷಪಡಿ, ಆದರೆ ನೋಡಬೇಕಾದ್ದು ಬೇರೆ. ಒಂದೊಂದು ಕಾರ್ಖಾನೆಯ ಹಂಚಿನ ಕಚ್ಚು ಒಂದೊಂದು ಅಳತೆಯದು, ಒಡೆದ ಕಡೆ ಬೇರೆ ಅಚ್ಚಿನ ಹಂಚು ಕೂರಿಸಿದ್ದರೆ ಸಂದಿಯಲ್ಲಿ ನೀರು ಇಳಿಯುತ್ತದೆ. ಹಿತ್ತಿಲಲ್ಲಿ ಅದೇ ಅಚ್ಚಿನ ಮುನ್ನೂರು ಹಂಚು ಉಳಿಸಿಟ್ಟಿದ್ದಾರೆಂದರೆ ಆ ರಿಪೇರಿಯವರಿಗೆ ಕೆಲಸ ಗೊತ್ತಿತ್ತು ಎಂದು ತಿಳಿಯಿರಿ.

ಚಿಪ್ಪಿನ ಕಿಟಕಿಗಳನ್ನು ಎಣಿಸಿ, ಕೆಟ್ಟ ಚಿಪ್ಪುಗಳೆಷ್ಟು ಬರೆದುಕೊಳ್ಳಿ. ಆ ಚಿಪ್ಪಿನ ಜೀವಿ ವಾಸ್ಕೋ ಬಳಿಯ ಚಿಕಲಿಂ ಕೊಲ್ಲಿಯಲ್ಲಿ ಈಗಲೂ ಇದೆ, ಆದರೆ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಮುರಿದ ಹಳೆಯ ಕಿಟಕಿಗಳಿಂದ ಬಿಡಿಸಿದ ಚಿಪ್ಪನ್ನೇ ಹುಡುಕಬೇಕು.

ಕೊನೆಯದಾಗಿ, ಈ ಮನೆಯನ್ನು ನೀವು ನೋಡಿರುವುದು ಏಪ್ರಿಲ್‌ನಲ್ಲಿ. ಏಪ್ರಿಲ್‌ನಲ್ಲಿ ಗೋವೆಯ ಯಾವ ಮನೆಯೂ ಸೋರುವುದಿಲ್ಲ. ಜುಲೈಯಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದ ಮರುದಿನ ಬೆಳಗ್ಗೆ, ಫೋನ್ ಮಾಡದೆ ಹೋಗಿ. ಒಳ್ಳೆಯ ಕೆಲಸ ಹೇಗಿರುತ್ತದೆಂದು ಕಣ್ಣಿಗೆ ಅಳತೆ ಸಿಗಬೇಕಾದರೆ ಅದಕ್ಕೆ ಮೊದಲು ಕೆಪೆಯ ಪಲಾಸಿಯೊ ದೊ ದೆಯಾಂವ್ ನೋಡಿ ಬನ್ನಿ. 1787ರ ಆ ಮನೆಯನ್ನು ಕುಶಾವತಿ ನದಿಯ ದಡದ ತೋಟದ ಸಮೇತ ಸರಿಪಡಿಸಿದ್ದಾರೆ. ನಿಮ್ಮ ಪರ್ವರಿಯ ಹತ್ತಿರದ ತೊರ್ಡಾದಲ್ಲಿ ವಾಸ್ತುಶಿಲ್ಪಿ ಜೆರಾರ್ಡ್ ದ ಕುನ್ಹಾ ಕಟ್ಟಿದ ಗೋವೆಯ ಮನೆಗಳ ಸಂಗ್ರಹಾಲಯವೂ ಇದೆ. ಅಲ್ಲಿ ಅರ್ಧ ದಿನ ಕಳೆದರೆ ದಲ್ಲಾಳಿಯ ವರ್ಣನೆಯಲ್ಲಿ ಯಾವ ಮಾತು ಹುರುಳಿನದು, ಯಾವುದು ಬರಿಯ ಬಣ್ಣ ಎಂದು ನಿಮಗೇ ತಿಳಿಯುತ್ತದೆ.

ಉತ್ತರ 3: ಶಿರಸಿಯ ಸೊಸೆ, ಬಾರ್ದೇಶ

ರಾಯರಿಗೆ ನಮಸ್ಕಾರ. ನಾವು ಒಂಬತ್ತು ವರ್ಷಗಳ ಹಿಂದೆ ಬಾರ್ದೇಶದಲ್ಲಿ ಇಂಥದೇ ಒಂದು ಮನೆಯನ್ನು ಕೊಂಡವರು. ನಿಮ್ಮದಕ್ಕಿಂತ ಚಿಕ್ಕದು, ಕಾಗದಗಳು ಸರಿಯಿದ್ದವು, ಮಾಡೂ ಗಟ್ಟಿಯಿತ್ತು. ನಮ್ಮನ್ನು ಬಡಿದದ್ದು ತೋಟ.

ನಮ್ಮ ಮನೆಗೂ ಒಬ್ಬ ವಿನ್ಯಾಸಗಾರರು 800 ಚದರ ಮೀಟರ್ ಹುಲ್ಲುಹಾಸು ಮಾಡಿಕೊಟ್ಟಿದ್ದರು. ಡಿಸೆಂಬರಿನಲ್ಲಿ ಕೊಂಡೆವು, ಆಗ ಅದು ಗಿಳಿಯ ರೆಕ್ಕೆಯಂತೆ ಹಸಿರಾಗಿತ್ತು. ಗೋವೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನಷ್ಟು ಮಳೆ ಸುರಿಯುವಾಗ ನೀರಿಗೇನು ಬರ ಎಂದುಕೊಂಡಿದ್ದೆ, ಶಿರಸಿಯವಳಾದ ನಾನೇ ಹಾಗೆ ಅಂದುಕೊಂಡದ್ದು ಈಗ ನಾಚಿಕೆಯಾಗುತ್ತದೆ. ಆ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು ಹೋಗುತ್ತದೆ, ಚಿರೇಕಲ್ಲಿನ ನೆಲ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ಹುಲ್ಲು ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರನ್ನು ಕುಡಿಯುತ್ತದೆ. 800 ಮೀಟರಿಗೆ ದಿನಕ್ಕೆ 4,000 ಲೀಟರ್! ಏಪ್ರಿಲ್ ಮೂರನೆಯ ವಾರ ನಮ್ಮ ಬಾವಿಯಲ್ಲಿ ಕೊಡ ತಳಕ್ಕೆ ಬಡಿದ ಸದ್ದು ಕೇಳಿತು. ಆಮೇಲೆ ದಿನ ಬಿಟ್ಟು ದಿನ ಟ್ಯಾಂಕರ್. ನೆರೆಯ ಹೆಂಗಸು ಬಲ್ಕಾಂವಿನಲ್ಲಿ ಕೂತು, ನಮ್ಮ ಹುಲ್ಲಿಗೆ ಟ್ಯಾಂಕರ್ ನೀರು ಬೀಳುವುದನ್ನು ತಮ್ಮ ಖಾಲಿ ಕೊಡದ ಪಕ್ಕದಿಂದ ನೋಡುತ್ತಿದ್ದರು. ಏನೂ ಅನ್ನಲಿಲ್ಲ. ಆ ವರ್ಷವೇ ಹುಲ್ಲನ್ನು ಸಾಯಲು ಬಿಟ್ಟೆವು.

ಆದ್ದರಿಂದ ನೀವು ಆ ಮನೆಗೆ ಮೇ ತಿಂಗಳಲ್ಲೂ ಒಮ್ಮೆ ಹೋಗಿ. ಬಾವಿಗೆ ಹಗ್ಗ ಇಳಿಬಿಟ್ಟು ನೀರೆಷ್ಟಿದೆ ಅಳೆಯಿರಿ. ಗೋವೆಯಲ್ಲಿ 2002ರ ಅಂತರ್ಜಲ ಕಾಯ್ದೆಯ ಪ್ರಕಾರ ಬಾವಿಯ ನೋಂದಣಿಯಾಗಿರಬೇಕು, ಅದರ ಕಾಗದವನ್ನೂ ಕೇಳಿ. ಹೊಸ ಶೌಚಾಲಯಗಳನ್ನು ಕಟ್ಟಿಸಿರುತ್ತಾರಲ್ಲ, ಅವುಗಳ ಇಂಗುಗುಂಡಿ ಬಾವಿಯಿಂದ ಎಷ್ಟು ದೂರ ಎಂದು ನಡೆದು ನೋಡಿ. ನಮ್ಮಲ್ಲಿ ಹೂವಿನ ಬಳ್ಳಿಯ ಚಪ್ಪರದ ಅಡಿಯಲ್ಲಿ, ಬಾವಿಯಿಂದ ಎಂಟೇ ಹೆಜ್ಜೆಯಲ್ಲಿ ಅದನ್ನು ಮುಚ್ಚಿಟ್ಟಿದ್ದರು.

ಮರಗಳ ಪಟ್ಟಿಯೊಂದನ್ನು ಮಾಡಿ. ದೇವಕಣಗಿಲೆಯ ಸಾಲಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಎರಡು ಹಳೆಯ ಮಾನ್‌ಕುರಾದ್ ಮಾವು, ಒಂದು ನೀರುಹಲಸು, ಭಿರಂಡೆ (ನಮ್ಮ ಮುರುಗಲು), ಬಿಂಬುಳಿ ಇದ್ದರೆ ಅದು ತೋಟ. ಅವು ನೀರು ಕೇಳುವುದಿಲ್ಲ, ಊಟಕ್ಕೆ ಕೊಡುತ್ತವೆ. ಮನೆಯ ಮೇಲೆ ವಾಲಿದ ಮರವಿದ್ದರೆ ಕೊಂಡ ಮೇಲೆ ಕಡಿದರಾಯಿತು ಎಂದುಕೊಳ್ಳಬೇಡಿ, 1984ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ನಮ್ಮ ಹುಲ್ಲುಹಾಸಿನ ಜಾಗದಲ್ಲಿ ಈಗ ಬಾಳೆ, ಅಡಿಕೆ, ಕಾಳುಮೆಣಸು ಇವೆ. ಫೋಂಡಾ, ಸತ್ತರಿಯ ಕಡೆ ಇದನ್ನೇ ಕುಳಾಗರ್ ಎನ್ನುತ್ತಾರೆ, ನಮ್ಮ ಶಿರಸಿಯ ತೋಟದ ತಮ್ಮನೇ ಅದು. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ, ನಿಜ.

ಮಾಲಿಗಳ ವಿಷಯವನ್ನೂ ಕೇಳಿಕೊಳ್ಳಿ. ಮೂರು ಹಂತದ ತೋಟಕ್ಕೆ ಒಬ್ಬರು ಸಾಲುವುದಿಲ್ಲ. ಮಳೆಗಾಲದಲ್ಲಿ ಎರಡು ವಾರ ಕೈಬಿಟ್ಟರೆ ಕಲ್ಲುಹಾಸಿನ ದಾರಿ ಕಣ್ಣಿಗೆ ಕಾಣದಂತೆ ಕಳೆ ಮುಚ್ಚುತ್ತದೆ.

ಪರ್ವರಿವಾಸಿ (ಜುಲೈ)

ಮೂವರಿಗೂ ನಮ್ಮ ಮನೆಯವರೆಲ್ಲರ ಪರವಾಗಿ ನಮಸ್ಕಾರ. ಸಂಚಕಾರ ಕೊಡಲಿಲ್ಲ. ದಿಲ್ಲಿಯ ಗಿರಾಕಿ ಇನ್ನೂ ಬಂದಿಲ್ಲ. ದಲ್ಲಾಳಿಯ ಫೋನ್ ಈಗ ವಾರಕ್ಕೊಂದು ಬಾರಿ ಬರುತ್ತದೆ.

ಮೇ ತಿಂಗಳಲ್ಲಿ ಬಾವಿಯಲ್ಲಿ ಎರಡೂವರೆ ಅಡಿ ನೀರಿತ್ತು. ಕಳೆದ ವಾರ ಮಳೆ ಹಿಡಿದುಕೊಂಡಿದ್ದಾಗ ಅಣ್ಣನವರೂ ನಾನೂ ತಿಳಿಸದೆ ಹೋದೆವು. ಸಾಲೆಯ ಮಾಡು ಒಂದು ಹನಿಯೂ ಸೋರಿಲ್ಲ, ಹಿತ್ತಿಲಲ್ಲಿ ಹಳೆಯ ಹಂಚುಗಳ ರಾಶಿಯೂ ಇದೆ. ಪ್ರಾರ್ಥನೆಯ ಕೋಣೆಯ ಹೊರಗೆ ಮಾತ್ರ, ಫೋಂಡಾದ ಮಹನೀಯರು ಕಂಡು ಬಂದವರಂತೆ ಹೇಳಿದ ಹಾಗೆಯೇ, ಹೂವಿನ ಮಡಿ ಒಳನೆಲಕ್ಕಿಂತ ಹದಿನಾಲ್ಕು ಇಂಚು ಮೇಲಿತ್ತು. ಒಳಗಿನ ತೇವ ಈಗ ಸೊಂಟದವರೆಗೆ ಏರಿದೆ.

ಬಾವಿಯ ಹಿಂದಿನ ಅಜ್ಜಿಯನ್ನು ಮಾತನಾಡಿಸಿದೆವು. ನಮ್ಮ ಕೊಂಕಣಿ ಕೇಳಿ ನಕ್ಕರು, ಒಳಗೆ ಕರೆದು ಕಪ್ಪು ಚಹಾ ಕೊಟ್ಟರು. ಅತ್ತೆಯವರ ಕಾಲದಿಂದ ಅವರು ಅಲ್ಲೇ ಇದ್ದಾರೆ. ಬಾಗಿಲ ಮೇಲೆ ಪಂಚಾಯತಿಯ ಬೇರೆಯೇ ನಂಬರಿನ ತಗಡು, ವಿದ್ಯುತ್ ಬಿಲ್ಲು ತೀರಿಹೋದ ಗಂಡನ ಹೆಸರಿನಲ್ಲಿ. ಬಿಸ್ಕತ್ತಿನ ಡಬ್ಬಿಯಿಂದ, ನಾಲ್ಕಾಗಿ ಮಡಚಿದ ಮಾಮಲೇದಾರರ ಕಚೇರಿಯ ಕಾಗದವೊಂದನ್ನು ತೆಗೆದು ತೋರಿಸಿದರು. ಅದರಲ್ಲಿ ಮುಂಡ್ಕಾರ ಎಂದೇ ಬರೆದಿತ್ತು. ಮನೆ ಮಾರಾಟಕ್ಕಿದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ನಮ್ಮಿಂದಲೇ ಮೊದಲು ಕೇಳಿದರು. ಅಣ್ಣನವರು ಹಿಂತಿರುಗುವಾಗ ಕಾರಿನಲ್ಲಿ ಬಹಳ ಹೊತ್ತು ಸುಮ್ಮನಿದ್ದರು.

ಮನೆ ನಮಗೆ ಇನ್ನೂ ಬೇಕು. ಅಜ್ಜಿಯನ್ನು ಎಬ್ಬಿಸಿ ಕೊಳ್ಳುವ ಮನಸ್ಸು ನಮ್ಮಲ್ಲಿ ಯಾರಿಗೂ ಇಲ್ಲ. ವಕೀಲರೇ, ಇದಕ್ಕೆ ದಾರಿಯೇನು?

ಮಡಗಾಂವದ ವಕೀಲ

ಎಬ್ಬಿಸುವ ಮನಸ್ಸಿದ್ದರೂ ಕಾಯ್ದೆ ಬಿಡುತ್ತಿರಲಿಲ್ಲ. ದಾರಿ ಸರಳವಾಗಿದೆ, ಸ್ವಲ್ಪ ನಿಧಾನ. ಈಗಿನ ಒಡೆಯರು ಮತ್ತು ಅವರ ಸಂಗಾತಿಗಳೆಲ್ಲರೂ ಸೇರಿ ಅಜ್ಜಿಗೆ ಅವರ ಮನೆ ಮತ್ತು ಕಾಯ್ದೆ ಹೇಳುವಷ್ಟು ಜಾಗವನ್ನು ಮೊದಲು ಕೊಡಲಿ. ಮಾಮಲೇದಾರರ ಮುಂದೆ ಖರೀದಿಯ ಪ್ರಕ್ರಿಯೆ ಮುಗಿದು ಮೋಜಣಿಯಲ್ಲಿ ಅದು ಬೇರೆ ತುಂಡಾಗಲಿ. ಬಾವಿಯ ನೀರಿಗೂ ರಸ್ತೆಗೆ ಹೋಗುವ ದಾರಿಗೂ ಅಜ್ಜಿಗಿರುವ ಹಕ್ಕನ್ನು ಅದೇ ಪತ್ರದಲ್ಲಿ ಬರೆಸಿ, ಇಲ್ಲವಾದರೆ ಮುಂದಿನ ಬೇಸಿಗೆಯಲ್ಲಿ ಅಜ್ಜಿಯ ಮಕ್ಕಳಿಗೂ ನಿಮಗೂ ನೀರಿನ ಕೊಡದ ಜಗಳ ಶುರುವಾಗುತ್ತದೆ. ಉಳಿದ ಜಾಗಕ್ಕೆ, ಗದ್ದೆಯನ್ನು ಬಿಟ್ಟು, ಹೊಸ ವಿಸ್ತೀರ್ಣದ ಲೆಕ್ಕದಲ್ಲಿ ಬೆಲೆ ಮಾತನಾಡಿ. ಗೋಡೆಯ ಕೆಲಸದ ಅಂದಾಜನ್ನು ಫೋಂಡಾದವರಿಂದ ಬರೆಸಿಕೊಂಡು ಅದನ್ನೂ ಬೆಲೆಯಲ್ಲಿ ಕಳೆಯಿರಿ. ಪತ್ರಿಕೆಯಲ್ಲಿ ತಕರಾರು ಆಹ್ವಾನಿಸುವ ಪ್ರಕಟಣೆ ಕೊಡುವುದು ಅದೆಲ್ಲ ಮುಗಿದ ಮೇಲೆ. ಕಾಗದಗಳನ್ನು ತೆಗೆದುಕೊಂಡು ಯಾವ ದಿನವಾದರೂ ಸಂಜೆ ಐದರ ನಂತರ ಬನ್ನಿ, ಅಣ್ಣನವರನ್ನೂ ಕರೆತನ್ನಿ.